ಬಚ್ಚಲಮನೆಯ ಮೇಜು

ಹೈದರಾಬಾದಿನ ನಾರಾಯಣಗೂಡದ ಒಂದು ಹಳೆಯ ಮೂರಂತಸ್ತಿನ ಕಟ್ಟಡದಲ್ಲಿ, ನನಗೆ ಒಂಬತ್ತು ತುಂಬುವವರೆಗೂ ನಾವು ಬಾಡಿಗೆಗಿದ್ದೆವು. ನಮ್ಮ ಆ ಮನೆ ಈಗ ಕೆಫೆ. ಗೋಡೆಯ ಗಾರೆ ಕೆರೆದು ಇಟ್ಟಿಗೆ ಕಾಣುವಂತೆ ಮಾಡಿದ್ದಾರೆ. ಅದೇ ಗೋಡೆಗೆ ಸುಣ್ಣ ಹೊಡೆಸಿ ಎಂದು ಅಪ್ಪ ಮಾಲೀಕರನ್ನು ವರ್ಷಗಟ್ಟಲೆ ಗೋಗರೆದಿದ್ದರು.

ಅಲ್ಲಿ ಎಲ್ಲರ ಕಣ್ಣೂ ಕಮಾನಿನ ಒಳಗಿನ ಒಂಟಿ ಮೇಜಿನ ಮೇಲೆ. ಎತ್ತರದಲ್ಲೊಂದು ಪುಟ್ಟ ಕಿಟಕಿ, ಗೋಡೆಯ ಮೇಲೆ ಕಪ್ಪು ಕಲೆ, ಆ ಕಲೆಗೆಂದೇ ಒಂದು ಹಳದಿ ದೀಪ. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ನಮ್ಮ ಬಚ್ಚಲಮನೆ. ಕಲೆ ಅಜ್ಜಿಯ ನೀರಿನ ಹಂಡೆಯ ಮಸಿ. ನೆಲ ಇಂದಿಗೂ ಮೋರಿಯ ಕಡೆಗೇ ಇಳಿಜಾರು. ಮೇಜಿನ ಮೇಲಿಟ್ಟ ಪೆನ್ನು ಆ ಕಡೆಗೇ ಉರುಳುತ್ತದೆ.

ನನ್ನ ಪಿಎಚ್.ಡಿ. ಪ್ರಬಂಧದ ಮೂರು ಅಧ್ಯಾಯಗಳನ್ನು ಆ ಮೇಜಿನ ಮೇಲೆಯೇ ಬರೆದೆ. ಮನೆಯಲ್ಲಿ ಲೈಬ್ರರಿಗೆ ಹೋಗುತ್ತೇನೆಂದು ಹೇಳಿದ್ದೆ. ನಿಜ ಗೊತ್ತಾದರೆ ಮನೆಮಂದಿಯೆಲ್ಲ ಹಿಂದೆಯೇ ಬರುತ್ತಾರೆ, ಕೊನೆಯ ಅಧ್ಯಾಯ ಮುಗಿಯುವುದಿಲ್ಲ ಎಂಬ ಭಯ.

ಕಲಬುರಗಿಯಿಂದ ಬಂದ ಅತ್ತೆಗೆ ಒಂದು ಮಧ್ಯಾಹ್ನ ಹಳೆಯ ಮನೆ ನೋಡುವ ಆಸೆಯಾಯಿತು. ಮೆಟ್ಟಿಲ ಮೇಲೆ ಅಜ್ಜಿಯ ದನಿ ಕೇಳಿದ್ದೇ ನಾನು ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿದೆ. ಕಮಾನಿಗೆ ಪರದೆ ಇತ್ತು, ಪುಣ್ಯಕ್ಕೆ. ಅವರಿಬ್ಬರೂ ಅಡುಗೆಮನೆ ಹುಡುಕಿದರು, ಅಲ್ಲಿ ಕಾಫಿ ಯಂತ್ರ ಇತ್ತು. ದೇವರ ಕೋಣೆ ಹುಡುಕಿದರು, ಅಲ್ಲಿ ಯಾರೋ ಪಾಸ್ತಾ ತಿನ್ನುತ್ತಿದ್ದರು. ಹೆಜ್ಜೆಗಳು ನನ್ನ ಪರದೆಯ ಹೊರಗೆ ಬಂದು ನಿಂತವು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಬಚ್ಚಲಮನೆಯ ಚಿಲಕ ಮುರಿದಿತ್ತು, ನಾವು ಇರುವವರೆಗೂ ಮುರಿದೇ ಇತ್ತು. ಹಾಗಾಗಿ ಒಳಗೆ ಹೋಗುವವರು ಕೂಗಬೇಕು, ಒಳಗಿದ್ದವರು ಓಗೊಡಬೇಕು. ಏಳು ಜನರ ಮಾನ ಈ ಪದ್ಧತಿಯ ಮೇಲೆಯೇ ನಿಂತಿತ್ತು.

ಅಜ್ಜಿ ಪರದೆ ಸರಿಸಲಿಲ್ಲ. ರೂಢಿಯಂತೆ ಕೂಗಿದರು.

"ಒಳಗ ಯಾರದೀರಿ?"

"ನಾನದೀನಿ, ಇನ್ನೂ ಆಗಿಲ್ಲ," ಎಂದೆ.

ಹೇಳಿದ ಮೇಲೆಯೇ ನಾನು ಏನು ಹೇಳಿದೆನೆಂದು ನನಗೆ ಕೇಳಿಸಿತು. ನಂತರ ಪರದೆ ಸರಿಯಿತು. ಅಜ್ಜಿ ನನ್ನನ್ನು ನೋಡಿದರು, ನನ್ನ ಎದುರಿನ ಕ್ರೊಸಾಂಟ್ ನೋಡಿದರು, ಆಮೇಲೆ ಗೋಡೆಯ ಕಲೆಯನ್ನು ಬಹಳ ಹೊತ್ತು ನೋಡಿದರು.

"ಲೈಬ್ರರಿ ಭಾಳ ಚಲೋ ಐತಿ ಬಿಡವಾ," ಎಂದರು. "ಮಸಿ ಮಾತ್ರ ಇನ್ನೂ ಯಾರೂ ತಿಕ್ಕಿಲ್ಲ."

ಬಚ್ಚಲಿನಲ್ಲಿ ಕುಳಿತು ತಿನ್ನುವುದು ಯಾವ ಓದಿನಲ್ಲಿ ಬರುತ್ತದೆ ಎಂದು ಅತ್ತೆ ವಿಚಾರಿಸಿದರು. ಅಷ್ಟರಲ್ಲಿ ಬಂದ ಮ್ಯಾನೇಜರನಿಗೆ ಅಜ್ಜಿ ತಮ್ಮ ಹಿಂದಿಯಲ್ಲಿ ಹಂಡೆ ಎಲ್ಲಿತ್ತು, ಯಾರು ಎಷ್ಟು ಹೊತ್ತು ಮೀಯುತ್ತಿದ್ದರು, ನಾನು ತಲೆಗೆ ನೀರು ಹಾಕಿಸಿಕೊಳ್ಳುವಾಗ ಎಲ್ಲಿ ನಿಂತು ಅಳುತ್ತಿದ್ದೆ ಎಲ್ಲವನ್ನೂ ವಿವರಿಸಿದರು. ಅಕ್ಕಪಕ್ಕದ ಮೇಜಿನವರು ಫೋನು ಬಿಟ್ಟು ಕೇಳಿದರು. ನಾನು ಉರುಳಿ ಹೋದ ಪೆನ್ನನ್ನು ಮೇಜಿನ ಕೆಳಗೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಹುಡುಕಿದೆ.

ಮರುವಾರ ಕಮಾನಿನ ಮೇಲೆ ಬೋರ್ಡು ಬಂದಿತ್ತು: ಹಳೆಯ ಹೈದರಾಬಾದಿನ ಅಸಲಿ ಸ್ನಾನಗೃಹ. ಮೇಜು ನನಗೆ ಸಿಗಲಿಲ್ಲ. ಒಂದು ಗಂಟೆ ಹೊರಗಿನ ಸ್ಟೂಲಿನ ಮೇಲೆ ಕುಳಿತು ಒಂದು ಸಾಲೂ ಬರೆಯಲಾಗದೆ ಮನೆಗೆ ಬಂದೆ. ಅಜ್ಜಿ ಅವರೆಕಾಳು ಸುಲಿಯುತ್ತಿದ್ದರು. ಮೇಜು ಸಿಗಲಿಲ್ಲವೆಂದು ಹೇಳಿದೆ.

"ಕೂಗಿದೇನು?" ಎಂದು ಕೇಳಿದರು.

ಇಲ್ಲ ಎಂದೆ.

"ಕೂಗದಽ ಯಾರು ಹೊರಗ ಬರ್ತಾರ?"

ಮರುದಿನ ಮೇಜಿನ ಬಳಿ ಕಾಲೇಜಿನ ಜೋಡಿಯೊಂದು ಕುಳಿತಿತ್ತು. ನಾನು ಹೋಟೆಲಿನಲ್ಲಿ ನೀರು ಕೇಳಲೂ ಹಿಂಜರಿಯುವವಳು. ಆದರೆ ಅಧ್ಯಾಯ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಪರದೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಅಜ್ಜಿಯ ಧಾಟಿಯಲ್ಲೇ ಕೂಗಿದೆ.

ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಐದು ನಿಮಿಷದಲ್ಲಿ ಹೊರಗೆ ಬಂದರು.