ಬೋರಕ್ಕನ ಮೂರು ದಿನದ ಮನೆ

ಬೆಳಗಿನ ಆರೂ ಆಗಿಲ್ಲ. ದೇವಸಮುದ್ರದ ಆಚೆಯ ಕುರಿಹಟ್ಟಿಯಲ್ಲಿ ಬೋರಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರಿ ಕೂಡುವ ಬೇಲಿಯ ರೊಪ್ಪದ ಮೂಲೆಯಲ್ಲಿರುವ ಚಪ್ಪಡಿ ಕಲ್ಲಿನ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಳಗೆ ಒಂದು ತಾಯಿಕುರಿ, ಅದರದಲ್ಲದ ಒಂದು ಮರಿ. ಕುರಿಯ ಕೊರಳ ಹಗ್ಗ ಬಿಚ್ಚುವ ದಿನ ಇವತ್ತು. ಬಿಚ್ಚಿದ ಮೇಲೆ ಅದು ಮರಿಯನ್ನು ಹತ್ತಿರ ಬಿಟ್ಟುಕೊಂಡರೆ ಮರಿ ಉಳಿಯುತ್ತದೆ, ಗುದ್ದಿದರೆ ಇಲ್ಲ. ಬಾಟಲಿ ಹಾಲು ಕುಡಿಸಲು ಹೋಗಿ ಅದರ ಹೊಟ್ಟೆ ಆಗಲೇ ಒಮ್ಮೆ ಕೆಟ್ಟಿದೆ.

ಹತ್ತು ಮಾರು ದೂರದಲ್ಲಿ, ಬೇವಿನ ಮರದ ಕೆಳಗೆ, ಎರಡರ ಯಜಮಾನ ನನ್ನಿವಾಳದ ಸೂರಪ್ಪ ಬಾಯಿಗೆ ಟವೆಲು ಕಟ್ಟಿಕೊಂಡು ನಿಂತಿದ್ದಾನೆ. ಚಳಿಗಲ್ಲ, ಬೋರಕ್ಕನ ಅಪ್ಪಣೆ.

ತಾಯಿ ಸತ್ತ ಮರಿಯನ್ನು ಮರಿ ಸತ್ತ ತಾಯಿಗೆ ಕೂಡಿಸುವುದು ಐವತ್ತೆರಡರ ಬೋರಕ್ಕನ ಕೆಲಸ. ಮೊಳಕಾಲ್ಮುರು, ಚಳ್ಳಕೆರೆ ಎರಡೂ ಕಡೆಯ ಕುರಿಗಾರರು ಗೂಡ್ಸ್ ಆಟೊದಲ್ಲಿ ಹೇರಿಕೊಂಡು ಇಲ್ಲಿಗೆ ಬರುತ್ತಾರೆ, ಹೋಗುವಾಗ ಒಂದಿಷ್ಟು ಶೇಂಗಾ ಕೊಟ್ಟು ಹೋಗುತ್ತಾರೆ. ಮೂರು ವರ್ಷದಲ್ಲಿ ನಲವತ್ತೇಳು ಜೋಡಿ ಈ ಗೂಡು ಹೊಕ್ಕಿವೆ. ಒಂಬತ್ತು ಮರಿಗಳು ಕೈತಪ್ಪಿವೆ. ಆ ಒಂಬತ್ತರ ಬಣ್ಣವೂ ಅವರಿಗೆ ಈಗಲೂ ನೆನಪಿದೆ.

ಈ ವಿದ್ಯೆ ಯಾರು ಕಲಿಸಿದರು ಎಂದರೆ ಬೋರಕ್ಕ ನಾಚದೆ ಹೇಳುತ್ತಾರೆ: ಟಿವಿ! ಹತ್ತಾರು ಜನರನ್ನು ಒಂದೇ ಮನೆಯಲ್ಲಿ ಕೂಡಿಹಾಕಿ ಅವರ ಜಗಳ, ಅಳು ಎಲ್ಲ ತೋರಿಸಿ, ಕೊನೆಗೆ ಒಬ್ಬರನ್ನೇ ಗೆಲ್ಲಿಸುವ ರಿಯಾಲಿಟಿ ಶೋ. "ಕೆಲ್ಸಿಲ್ದೋರು ಜಗಳ ಆಡ್ತಾರೆ, ಇವ್ಳು ಉಣ್ಣೋದು ಬಿಟ್ಟು ನೋಡ್ತಾಳೆ," ಎಂದು ಗಂಡ ಮುದ್ದಪ್ಪ ಗೊಣಗುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವಂತೆ. ಈ ಮನೆಯಲ್ಲಿ ಅದು ಶೋ ಮುಗಿಯುವ ತನಕ.

ಮೊದಲು ಬೋರಕ್ಕನೂ ಎಲ್ಲರಂತೆ ನಾಲ್ಕು ಜನ ಸೇರಿ ಕುರಿಯನ್ನು ಅಮುಕಿ ಹಿಡಿದು ಮರಿಗೆ ಹಾಲು ಕುಡಿಸುತ್ತಿದ್ದರು. ಕೈ ಬಿಟ್ಟ ತಕ್ಷಣ ಕುರಿ ಗುದ್ದುತ್ತಿತ್ತು. "ಟಿವೀಲಿ ಆ ಮನೆಗೆ ಬಂದ ದಿನ ಒಬ್ರ ಮುಖ ಒಬ್ರು ನೋಡ್ತಿರ್ಲಿಲ್ಲ ಕಣ್ರಿ. ಆಚೆ ಹೋಗಂಗಿಲ್ಲ, ಹಿಡ್ದು ಕೂರ್ಸೋರೂ ಇಲ್ಲ. ವಾರ ಕಳೆಯೋದ್ರಾಗೆ ಒಂದೇ ತಟ್ಟೇಲಿ ಉಣ್ತಿದ್ರು! ನಾವು ಹಿಡಿಯೋದೇ ತಪ್ಪು ಅಂತ ಅವತ್ತು ಗೊತ್ತಾತು."

ಆಮೇಲೆ ಬಂದದ್ದು ಈ ಗೂಡು. ತಿರುಗಿ ಗುದ್ದಲಾಗದಷ್ಟು ಗಿಡ್ಡ ಹಗ್ಗ, ಮುಂದೆ ಮೇವು ನೀರು, ಹಿಂದಿನಿಂದ ಮರಿ ಕುಡಿಯಲು ಜಾಗ. ಮನುಷ್ಯರು ಇಣುಕುವಂತಿಲ್ಲ. "ಮೂರು ದಿನ ಅದರ ಹಾಲು ಇದರ ಹೊಟ್ಟೆ ಸೇರಿದ್ರೆ ಇದರ ಮೈವಾಸ್ನೆ ಅದರದೇ ಆಗ್ತೈತೆ," ಎನ್ನುತ್ತಾರೆ.

ಸೂರಪ್ಪನ ಜೋಡಿಗೆ ಮಾತ್ರ ಇದು ಐದನೆಯ ದಿನ. ಎರಡನೆಯ ದಿನ ಅವನ ಕರುಳು ತಡೆಯಲಿಲ್ಲ. ಬೇಲಿಯಾಚೆ ನಿಂತು, ಮೇಯಲು ಹೋದಾಗ ಕರೆಯುವ ಹಾಗೆಯೇ ನಾಲಗೆ ಹೊರಳಿಸಿ "ಡ್ರ್ರೀ, ಡ್ರ್ರೀ" ಎಂದುಬಿಟ್ಟ. ಯಜಮಾನನ ಕೂಗು ಕೇಳಿದ ಕುರಿ ಹುಚ್ಚೆದ್ದು ಹಗ್ಗ ಕಿತ್ತು ಮರಿಯನ್ನು ಕಲ್ಲಿಗೆ ಒತ್ತಿತು. ಮರಿ ಬದುಕಿದ್ದೇ ಪುಣ್ಯ. ಲೆಕ್ಕ ಮತ್ತೆ ಒಂದರಿಂದ.

ಬೋರಕ್ಕ ಅವನನ್ನು ಬೈಯಲಿಲ್ಲ. "ಟಿವಿ ಮನೇಗೂ ನಡುವೆ ಅವ್ರವ್ರ ಮನೆಯೋರನ್ನ ಕಳಿಸ್ತಾರೆ. ಅವತ್ತೆಲ್ಲ ಅಳು, ಮಾರನೇ ದಿನ ಒಬ್ರೂ ನೆಟ್ಟಗೆ ಆಡಲ್ಲ. ನೋಡಿ ನೋಡಿನೂ ನಿಂಗೆ ಹೇಳೋದು ಮರ್ತೆ ಕಣಪ್ಪ," ಎಂದು ಟವೆಲು ಕಟ್ಟಿಸಿದರು. ಆದರೆ ಆ ಮರಿ ಹತ್ತನೆಯದಾಗುತ್ತದೋ ಎಂಬ ಭಯಕ್ಕೆ ಅವತ್ತಿನಿಂದ ಅವರಿಗೆ ಅನ್ನ ಸೇರಿಲ್ಲ.

ಈಗ ಹಗ್ಗ ಬಿಚ್ಚುತ್ತಾರೆ. ಕುರಿ ಹೊರಗೆ ನೆಗೆದು ನೇರ ಬೇಲಿಯ ಬಾಗಿಲಿಗೆ ಓಡುತ್ತದೆ. ಮರಿ ಗೂಡಿನ ಬಾಯಲ್ಲಿ ನಿಂತು ಒಂದು ಸಲ ಅರಚುತ್ತದೆ. ಕುರಿ ನಿಲ್ಲುತ್ತದೆ. ತಿರುಗಿ ಬರುತ್ತದೆ. ಮರಿಯ ಬಾಲದ ಬುಡ ಮೂಸಿ, ಗಂಟಲಲ್ಲೇ ಸಣ್ಣಗೆ ಸದ್ದು ಮಾಡಿ, ಕದಲದೆ ನಿಂತುಕೊಳ್ಳುತ್ತದೆ. ಮರಿ ಕೆಚ್ಚಲಿಗೆ ಬಾಯಿ ಹಾಕುತ್ತದೆ, ಬಾಲ ಪಟಪಟನೆ ಅಲ್ಲಾಡುತ್ತದೆ.

"ಬಾಯಿ ಬಿಚ್ಚು ಸೂರಪ್ಪ. ಈಗ ಕರಿ," ಎನ್ನುತ್ತಾರೆ ಬೋರಕ್ಕ.

ಅವನು ಟವೆಲು ಬಿಚ್ಚಿ ಮೊದಲು ಕಣ್ಣು ಒರೆಸಿಕೊಳ್ಳುತ್ತಾನೆ. ಆಮೇಲೆ ನಾಲಗೆ ಹೊರಳಿಸಿ "ಡ್ರ್ರೀ, ಡ್ರ್ರೀ" ಎನ್ನುತ್ತಾನೆ. ಕುರಿ ಅವನತ್ತ ನಡೆಯುತ್ತದೆ, ಹಿಂದೆ ಮರಿ. ಬೋರಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ನಗುತ್ತಾರೆ. ಮುದ್ದಪ್ಪ ಹೇಳದೆಯೇ ಚಹಾ ತಂದುಕೊಡುತ್ತಾರೆ. ಟಿವಿ ರೀಚಾರ್ಜನ್ನೂ ಈಗ ಮುಗಿಯುವ ಮೊದಲೇ ಅವರೇ ಮಾಡಿಸಿ ಬರುತ್ತಾರೆ.

ನಿಮಗೂ ಆ ಶೋಗೆ ಹೋಗುವ ಆಸೆಯೇ ಎಂದರೆ ಬೋರಕ್ಕ ತಲೆ ಅಲ್ಲಾಡಿಸುತ್ತಾರೆ. "ನಾನ್ ಹೋದ್ರೆ ಇಲ್ಲಿ ಕುರಿ ಯಾರು ನೋಡ್ತಾರೆ? ಅವ್ರು ಸಿಕ್ರೆ ಒಂದ್ ಮಾತು ಹೇಳ್ಬೇಕು ಅಷ್ಟೇ. ವಾರಕ್ಕೊಬ್ರನ್ನ ಯಾಕೆ ಆಚೆ ಹಾಕ್ತೀರಿ, ಇನ್ನ ಮೂರು ದಿನ ಇಟ್ಟು ನೋಡ್ರಿ. ನನ್ನ ಮನೇಲಿ ಒಬ್ರೇ ಗೆದ್ದಿದ್ದಿಲ್ಲ. ಗೆದ್ರೆ ಇಬ್ರೂ ಗೆದ್ದೇ ಹೋಗ್ತಾರೆ."