ಬಾಯ್ಲರ್ ಭಾವನ ಮಗುವಿನ ರಿಜಿಸ್ಟರ್

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬಟ್ಟೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಗಂಟೆಗೊಮ್ಮೆ ಒತ್ತಡ, ಶಾಖ, ನೀರಿನ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು ಹದಿನಾರು ವರ್ಷದ ಅಭ್ಯಾಸ. ಬಾಯ್ಲರ್ ಒಮ್ಮೆಯೂ ಸಿಡಿದಿಲ್ಲ. ಅದೇ ಅವರ ತಲೆಗೇರಿತ್ತು.

ಹೆರಿಗೆಯಾಗಿ ಅಕ್ಕನನ್ನು ಆಸ್ಪತ್ರೆಯಿಂದ ಬಿಡುವಾಗ ನರ್ಸಮ್ಮ ಒಂದು ಹಾಳೆ ಕೊಟ್ಟರು. ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಬನ್ನಿ ಎಂಬ ಪಟ್ಟಿ. ಒಂದು ಕಡೆ ಮಗುವಿನದು, ಹಿಂದುಗಡೆ ತಾಯಿಯದು. ಭಾವ ಮನೆಗೆ ಬಂದವರೇ ಮಗುವಿನ ಕಡೆ ಮುಂದೆ ಮಾಡಿ, ಕಾರ್ಖಾನೆಯ ಗೋಂದು ಬಳಿದು, ತೊಟ್ಟಿಲ ಮೇಲಿನ ಗೋಡೆಗೆ ಅಂಟಿಸಿಬಿಟ್ಟರು. ಹೆರಿಗೆ ಸುಸೂತ್ರವಾಗಿ ಮುಗಿದ ಮೇಲೆ ಅಕ್ಕನ ಕಡತ ಮುಚ್ಚಿತು ಎಂದೇ ಅವರ ಭಾವನೆ. ನಾನೂ ನಕ್ಕು ಸುಮ್ಮನಾದೆ. ಆ ತಪ್ಪು ನನ್ನದೂ ಹೌದು.

ಆಮೇಲೆ ಶುರುವಾಯಿತು ನೋಡಿ. ರಜೆ ಹಾಕಿ ತೊಟ್ಟಿಲ ಪಕ್ಕ ಸ್ಟೂಲು ಹಾಕಿಕೊಂಡರು. ಮೈ ಬಿಸಿ, ಹಾಲು ಕುಡಿದ ಸಮಯ, ಒದ್ದೆ ಬಟ್ಟೆ, ಅಂಗಾಲು ಹಳದಿಯಾಗಿದೆಯೇ, ನಿಮಿಷಕ್ಕೆ ಎಷ್ಟು ಉಸಿರು, ಎಲ್ಲಕ್ಕೂ ಕಾಲಂ. ಅಷ್ಟಕ್ಕೇ ಬಿಟ್ಟಿದ್ದರೆ ಮೆಚ್ಚುತ್ತಿದ್ದೆ. ಆಕಳಿಕೆಗೂ ಒಂದು ಕಾಲಂ, ಸೀನಿಗೂ ಒಂದು. ಊಟಕ್ಕೆ ಏಳುವಾಗ ತಮ್ಮ ತಾಯಿಗೆ ಡ್ಯೂಟಿ ವಹಿಸಿ ಸಹಿ ತೆಗೆದುಕೊಳ್ಳುತ್ತಿದ್ದರು. ಆಕೆ ಕನ್ನಡಕ ಹುಡುಕುವಷ್ಟರಲ್ಲಿ ಇವರ ಊಟ ಮುಗಿದಿರುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ನಾನು ಹೋದಾಗ ಅಕ್ಕ ಮಂಚದ ಅಂಚಿನಲ್ಲಿ ಹಣೆ ಹಿಡಿದು ಕೂತಿದ್ದಳು. ಮುಖ ಊದಿತ್ತು. ತಲೆ ಸಿಡಿಯುತ್ತಿದೆ, ಕಣ್ಣೆಲ್ಲ ಮಂಜು ಎಂದಳು. ನಾನು ಭಾವನನ್ನು ಕೂಗಿದೆ. ಭಾವ ಬೆರಳೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದರು, ಉಸಿರೆಣಿಕೆ ನಲವತ್ತೊಂದರಲ್ಲಿತ್ತು. ಎಣಿಸಿ, ಬರೆದು, ಸಹಿ ಹಾಕಿ, ಆಮೇಲೆ ಗೋಡೆ ನೋಡಿದರು.

"ತಲೆನೋವು ಪಟ್ಟಿಲಿ ಇಲ್ವಲ್ಲ," ಎಂದರು.

"ಅದು ಮಗು ಪಟ್ಟಿ ಭಾವ. ಅಕ್ಕಂದು ಹಿಂದ್ಗಡೆ ಇದೆ."

ಹಾಗಾದರೆ ಖಚಿತ ಮಾಡಿಕೊಳ್ಳೋಣ ಎಂದು ಮಹಾರಾಯರು ಚಾಕು ತಂದು ಗೋಡೆ ಕೆರೆಯತೊಡಗಿದರು. ಸುಣ್ಣ ಉದುರಿತೇ ಹೊರತು ಹಾಳೆ ಬರಲಿಲ್ಲ. ನಾನು ಕಾಯಲಿಲ್ಲ. ಅವರ ತಾಯಿ ಮಗುವನ್ನು ಎತ್ತಿಕೊಂಡರು, ನಾನು ಅಕ್ಕನ ಕೈ ಹಿಡಿದು ಟ್ಯಾಕ್ಸಿ ಹತ್ತಿಸಿದೆ. ಭಾವ ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಓಡಿ ಬಂದರು.

ರಕ್ತದೊತ್ತಡ ನೋಡಿದ ಡಾಕ್ಟರಮ್ಮ ಮೊದಲು ಸೂಜಿ ಹಾಕಿಸಿದರು, ಆಮೇಲೆ ಮಾತಾಡಿದರು. ಹೆರಿಗೆಯಾದ ಮೇಲೂ ಒತ್ತಡ ಹೀಗೆ ಏರುವುದುಂಟು, ಇನ್ನಷ್ಟು ತಡವಾಗಿದ್ದರೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗುತ್ತಿತ್ತು ಎಂದರು. ತಲೆನೋವು ಯಾವಾಗಿನಿಂದ, ಊತ ಯಾವಾಗ ಬಂತು ಎಂದು ಭಾವನನ್ನು ಕೇಳಿದರು.

ಭಾವ ರಿಜಿಸ್ಟರ್ ತೆರೆದರು. ಎಂಬತ್ತು ಪುಟ. ಮಗುಚುತ್ತಲೇ ಹೋದರು.

"ಮೂರು ದಿನದಿಂದ," ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ದಿನಾ ಹೇಳ್ದೆ. ಒಂದ್ನಿಮಿಷ ಇರು, ಎಣಿಸ್ತಿದೀನಿ ಅಂದ್ರಿ."

ಭಾವ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಐದು ದಿನದ ಮೇಲೆ ಅಕ್ಕ ನಡೆದುಕೊಂಡೇ ಮನೆಗೆ ಬಂದಳು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.