ಮುನಿವೆಂಕಟಮ್ಮನಿಗೆ ಬಂದ ಅನುಮತಿ

ಬಿಟಿಎಂ ಲೇಔಟಿನ ಆ ಹೆಣ್ಣುಮಕ್ಕಳ ಪಿಜಿಯಲ್ಲಿ ಐವತ್ತೆರಡು ಹುಡುಗಿಯರಿದ್ದರು. ಅಷ್ಟೂ ಹೊಟ್ಟೆಗಳ ಉಸ್ತುವಾರಿ ಮುನಿವೆಂಕಟಮ್ಮನದು. ಬೆಳಗ್ಗೆ ಐದಕ್ಕೆ ಬಿಳೇಕಹಳ್ಳಿಯ ಮನೆಯಿಂದ ಹೊರಟು ಬಂದು ಒಲೆ ಹಚ್ಚಿದರೆ, ಏಳೂವರೆಗೆಲ್ಲ ಚಿತ್ರಾನ್ನವೋ ಉಪ್ಪಿಟ್ಟೋ ಮೇಜಿನ ಮೇಲೆ ಬಿಸಿಬಿಸಿಯಾಗಿ ಇರಲೇಬೇಕು. ಉಪ್ಪಿಟ್ಟಿನ ದಿನ ಯಾರಾದರೂ ಮುಖ ಸಿಂಡರಿಸಿದರೆ, "ಯಾಕ್ರಮ್ಮ, ತಿನ್ನೋಕೆ ಕೇಳ್ತಿದೀರೋ, ಫೋಟೋ ತೆಗೆಯೋಕೋ?" ಎಂದು ಗದರುವಳು. ಹಾಗೆ ಗದರಿದವಳೇ, ಜ್ವರ ಬಂದು ಮಲಗಿದ ಹುಡುಗಿಗೆ ಮೂರು ಮಹಡಿ ಹತ್ತಿ ಗಂಜಿ ಕೊಟ್ಟು ಬರುವವಳೂ ಹೌದು.

ಮಾತು ಎಲ್ಲಿಂದ ಶುರುವಾದರೂ ಕಿಟ್ಟಿಯ ಹತ್ತಿರ ಬಂದು ನಿಲ್ಲುತ್ತಿತ್ತು. "ನನ್ ಮಗ ಏಸಿ ಮೆಕ್ಯಾನಿಕ್ಕು, ಫಾರಿನ್ನಲ್ಲಿ ಅವ್ನೆ. ಸುತ್ತ ನೀರಂತೆ, ಮಧ್ಯ ಊರಂತೆ." ಆ ದ್ವೀಪದ ಹೆಸರು ಅವಳ ನಾಲಿಗೆಗೆ ಹತ್ತುತ್ತಿರಲಿಲ್ಲ. ನಡುಗಡ್ಡೆ ಎಂದೇ ಕರೆಯುತ್ತಿದ್ದಳು. ಹೋದ ವರ್ಷ ಕಿಟ್ಟಿ ರಜೆಗೆ ಬಂದಾಗ ಹಟ ಹಿಡಿದು ಅವಳಿಗೊಂದು ಪಾಸ್‌ಪೋರ್ಟು ಮಾಡಿಸಿದ್ದ. "ಅಮ್ಮ, ಒಂದ್ ಸಲ ಬಂದು ಸಮುದ್ರ ನೋಡು. ಅಲ್ಲಿಗೆ ವೀಸಾನೂ ಬೇಡ." ಅವಳು, "ಐವತ್ತೆರಡು ಮಕ್ಕಳನ್ನ ಉಪವಾಸ ಕೆಡವಿ ನಿನ್ ಸಮುದ್ರ ನೋಡ್ಲಾ?" ಎಂದು ನಕ್ಕಿದ್ದಳು. ಹೋಗಿದ್ದರೆ ಆಗುತ್ತಿತ್ತು.

ಕಿಟ್ಟಿಯನ್ನು ಹೆತ್ತವಳು ಅವಳ ತಂಗಿ ಇಂದ್ರಾಣಿ. ಹೆತ್ತ ಹನ್ನೊಂದನೇ ದಿನ ಮೈಗೆ ನಂಜು ಏರಿ ತೀರಿಕೊಂಡಳು. ಮಗುವಿನ ಅಪ್ಪ ಅನ್ನಿಸಿಕೊಂಡವನು ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾಗಿ ಹೊಸೂರಿನ ಕಡೆ ಹೋದ. ಪುಣ್ಯಾತ್ಮ, ತಿರುಗಿಯೂ ನೋಡಲಿಲ್ಲ. ಮಕ್ಕಳಿಲ್ಲದ ಮುನಿವೆಂಕಟಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಗಂಡ ಪಿಳ್ಳಣ್ಣ ಚಕಾರ ಎತ್ತದೆ ತೊಟ್ಟಿಲು ತಂದ. ಅವತ್ತಿನಿಂದ ಕಿಟ್ಟಿಗೆ ಅವಳೇ ಅಮ್ಮ. ಪಿಳ್ಳಣ್ಣ ಹೋಗಿ ಆರು ವರ್ಷವಾದ ಮೇಲಂತೂ ಅವಳಿಗೆ ಕಿಟ್ಟಿಯೊಬ್ಬನೇ ದಿಕ್ಕು.

ಸ್ಕೂಲಿಗೆ ಸೇರಿಸುವ ದಿನ ಮೇಷ್ಟ್ರು, "ತಾಯಿ ಹೆಸರೇನಮ್ಮ?" ಎಂದು ಕೇಳಿದರು. ಪಿಳ್ಳಣ್ಣ, "ನಿನ್ನ ಹೆಸರೇ ಹೇಳೇ" ಎಂದು ಪಿಸುಗುಟ್ಟಿದ. ಅವಳು ಕೇಳಲಿಲ್ಲ. "ಇಂದ್ರಾಣಿ ಅಂತ ಬರ್ಕೊಳಿ ಮೇಷ್ಟ್ರೇ. ಪಾಪ, ಮಗೂನ ಸರಿಯಾಗಿ ಎತ್ಕೊಳ್ಲೂ ಇಲ್ಲ. ಹೆಸರಾದ್ರೂ ಉಳೀಲಿ" ಅಂದಳು. ಬಾಯಿತುಂಬ ಅಮ್ಮ ಎಂದು ಕರೆಸಿಕೊಳ್ಳುವವಳಿಗೆ ಪುಸ್ತಕದಲ್ಲಿ ಹೆಸರಿದ್ದರೆಷ್ಟು, ಬಿಟ್ಟರೆಷ್ಟು? ಸ್ಕೂಲಿನ ಆ ಹೆಸರೇ ಮಾರ್ಕ್ಸ್ ಕಾರ್ಡಿಗೆ, ಅಲ್ಲಿಂದ ಕಿಟ್ಟಿಯ ಪಾಸ್‌ಪೋರ್ಟಿಗೆ ಹೋಯಿತು.

ಆ ಸೋಮವಾರ ಮಧ್ಯಾಹ್ನ ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನು ಬಂತು. ಕಿಟ್ಟಿಯ ಜೊತೆ ಅಲ್ಲೇ ಕೆಲಸ ಮಾಡುವ ಕುಮಾರಸ್ವಾಮಿ ಲೇಔಟಿನ ರಘು. "ಆಂಟಿ, ಕಿಟ್ಟಿ ಹೋಟ್ಲು ಮೇಲಿಂದ ಬಿದ್ಬಿಟ್ಟ. ತಲೆಗೆ ಏಟಾಗಿದೆ. ಐಸಿಯೂನಲ್ಲಿದಾನೆ. ಕಂಪನಿಯೋರೇ ನಿಮಗೆ ಬುಧವಾರಕ್ಕೆ ಟಿಕೆಟ್ ಮಾಡ್ತಾರೆ, ಬಂದ್ಬಿಡಿ." ಒಗ್ಗರಣೆ ಸೀದು ಹೊಗೆ ತುಂಬಿದಾಗಲೇ ಹುಡುಗಿಯರು ಅಡುಗೆಮನೆಗೆ ಓಡಿ ಬಂದದ್ದು.

ವೀಸಾ ಬೇಡದ ದೇಶವೇನೋ ನಿಜ. ಆದರೆ ಹೊರಡುವ ಮುಂಚೆ ಆನ್‌ಲೈನಿನಲ್ಲಿ ಅನುಮತಿ ತೆಗೆದುಕೊಳ್ಳಬೇಕು. ಅದಿಲ್ಲದೆ ವಿಮಾನ ಹತ್ತಿಸುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಮೂರನೇ ಮಹಡಿಯ ಅರ್ಪಿತ ಅವತ್ತು ಆಫೀಸಿಗೆ ರಜೆ ಹಾಕಿ, ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಕೂತಳು. ಮುನಿವೆಂಕಟಮ್ಮನ ಫೋಟೋ ತೆಗೆದಳು. ಪಾಸ್‌ಪೋರ್ಟು, ಟಿಕೆಟ್ಟು, ಕಂಪನಿಯ ಕಾಗದ, ಕಿಟ್ಟಿಯ ಪಾಸ್‌ಪೋರ್ಟಿನ ಪ್ರತಿ, ಕೇಳಿದ್ದನ್ನೆಲ್ಲ ಏರಿಸಿದಳು.

"ಆಂಟಿ, ಅಲ್ಲಿ ಯಾರನ್ನ ನೋಡೋಕೆ ಹೋಗ್ತಿದೀರ ಅಂತ ಕೇಳಿದಾರೆ."

"ನನ್ ಮಗನ್ನ."

ಅರ್ಪಿತ ಮಗ ಎಂದೇ ತುಂಬಿದಳು. ಅವಳಿಗಾದರೂ ಏನು ಗೊತ್ತು? ಮೂರು ವರ್ಷದಿಂದ ಆ ಬಾಯಲ್ಲಿ ಮಗ ಅನ್ನುವುದನ್ನು ಬಿಟ್ಟು ಬೇರೆ ಕೇಳಿರಲಿಲ್ಲ. ಮುನಿವೆಂಕಟಮ್ಮನೂ ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ತಂಗಿಯ ಮಗ ಮಗನಲ್ಲದೆ ಮತ್ತೇನು? ಅದರ ಮೇಲೆ ಇವನು ಅವಳೇ ಎತ್ತಿ ಆಡಿಸಿದವನು.

ಮಂಗಳವಾರ ರಘು ವಿಡಿಯೋ ಕಾಲ್ ಮಾಡಿದ. ತಲೆಗೆ ಸುತ್ತಿದ ಬಟ್ಟೆ, ಬಾಯಿಗೊಂದು ಕೊಳವೆ. ಗಡ್ಡ ನೋಡಿದ ಮೇಲೆ ಕಿಟ್ಟಿಯೇ ಎಂದು ಗೊತ್ತಾಯಿತು. ರಘು ಫೋನನ್ನು ಅವನ ಕಿವಿಗೆ ಹಿಡಿದ. "ಕಿಟ್ಟಿ, ನಾಳೆ ಬರ್ತಿದೀನಿ ಕಣೋ. ಅಮ್ಮ ಬರ್ತಿದಾಳೆ. ಅಲ್ಲೀ ಗಂಟ ತಡ್ಕೋ, ನನ್ನಪ್ಪ" ಅಂದಳು. ಅವನ ಬೆರಳು ಅಲುಗಿತೆಂದು ರಘು ಹೇಳಿದ. ಸುಳ್ಳಿದ್ದರೂ ಇರಬಹುದು. ಅವಳು ಅದನ್ನು ನಂಬಿ, ಎರಡು ಸೀರೆ, ಒಂದು ಡಬ್ಬಿ ಹುರಿಹಿಟ್ಟು ಚೀಲಕ್ಕೆ ತುಂಬಿಕೊಂಡಳು.

ಬುಧವಾರ ಬೆಳಗ್ಗೆ ಬಂದದ್ದು ಅನುಮತಿಯಲ್ಲ, ಪ್ರಶ್ನೆ. ರೋಗಿಯ ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು ಇಂದ್ರಾಣಿ ಎಂದಿದೆ, ಅರ್ಜಿ ಹಾಕಿದವರ ಹೆಸರು ಬೇರೆ ಇದೆ, ಸಂಬಂಧಕ್ಕೆ ದಾಖಲೆ ಕೊಡಿ. ಅರ್ಪಿತ ಎರಡೆರಡು ಸಲ ಓದಿದಳು. "ಆಂಟಿ, ಇಂದ್ರಾಣಿ ಯಾರು?"

ಮುನಿವೆಂಕಟಮ್ಮ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ತಾನು ಏನು ಮಾಡಿಕೊಂಡಿದ್ದೇನೆಂದು ಅವಳಿಗೇ ತಿಳಿಯಿತು. ಅರ್ಪಿತ ಹಣೆ ಚಚ್ಚಿಕೊಂಡಳು. "ಅಯ್ಯೋ, ನಾನು ಅವರ ಪಾಸ್‌ಪೋರ್ಟಿನ ಹಿಂದಿನ ಪುಟ ನೋಡ್ಲೇ ಇಲ್ಲ ಆಂಟಿ. ನಂದೇ ತಪ್ಪು."

"ನಿಂದೇನ್ ತಪ್ಪಮ್ಮ. ಇಪ್ಪತ್ತೈದು ವರ್ಷದ ಹಿಂದೆ ನಾನೇ ಬರೆಸಿದ್ದು."

ತಾಯಿ ಎಂದು ತೋರಿಸಲು ಅವಳ ಬಳಿ ಏನಿತ್ತು? ದತ್ತು ಪತ್ರವೇ? ಸ್ವಂತ ಮಗನನ್ನು ಯಾರಾದರೂ ಕಾಗದ ಬರೆಸಿ ತಗೋತಾರಾ? ಉಳಿದದ್ದು ಒಂದೇ ದಾರಿ. ದೊಡ್ಡಮ್ಮ ಎಂದು ತಿದ್ದಬೇಕು, ಕಂಪನಿಯವರೂ ಹಾಗೆಂದು ಹೊಸ ಕಾಗದ ಕೊಡಬೇಕು. ಅರ್ಪಿತ ಕೀಬೋರ್ಡಿನ ಮೇಲೆ ಬೆರಳಿಟ್ಟಳು. ಆ ಹುಡುಗಿಗೆ ತಿದ್ದಲು ಕೈ ಬರಲಿಲ್ಲ.

"ಹಾಕಮ್ಮ," ಮುನಿವೆಂಕಟಮ್ಮ ಅಂದಳು. "ದೊಡ್ಡಮ್ಮ ಅಂತನಾದ್ರೂ ಹಾಕು, ಮನೆ ಕೆಲ್ಸದೋಳು ಅಂತನಾದ್ರೂ ಹಾಕು. ಒಳಗೆ ಬಿಟ್ರೆ ಸಾಕು. ಒಂದ್ಸಲ ಅವನ ತಲೆ ಸವರ್ಬೇಕು."

ಬುಧವಾರದ ವಿಮಾನ ಅವಳಿಲ್ಲದೆ ಹೋಯಿತು. ಕಂಪನಿಯ ಹೊಸ ಕಾಗದ ಬರುವಾಗ ಗುರುವಾರ ಮಧ್ಯಾಹ್ನ. ಅರ್ಪಿತ ಅದನ್ನು ಏರಿಸಿ, ಗಳಿಗೆಗೊಮ್ಮೆ ಫೋನು ನೋಡುತ್ತ ಕೂತಳು. ಮುನಿವೆಂಕಟಮ್ಮ ಕೈ ಸುಮ್ಮನಿರಲಾರದೆ ಬೀನ್ಸ್ ಬಿಡಿಸಿದಳು, ಅದು ಮುಗಿದ ಮೇಲೆ ಯಾರಿಗೂ ಬೇಡದ ಬೆಳ್ಳುಳ್ಳಿ ಸುಲಿದಳು. ಸಂಜೆ ಆರಕ್ಕೆ ರಘುವಿನ ಫೋನು ಬಂತು. ಅವನು ಬರೀ "ಆಂಟಿ" ಅಂದ. ಅಷ್ಟಕ್ಕೇ ಅಳತೊಡಗಿದ.

ಅವಳು ಅಳಲಿಲ್ಲ. "ಅಮ್ಮ ಬರ್ತಿದಾಳೆ ಅಂತ ಅವನಿಗೆ ಹೇಳಿದ್ದೆ ಕಣೋ ರಘು. ಮಾತು ತಪ್ಪಿದೆ" ಎಂದು ಅದನ್ನೇ ನಾಲ್ಕು ಸಲ ಹೇಳಿದಳು. ಐದನೇ ಸಲ ಹೇಳಹೋಗಿ ನೆಲಕ್ಕೆ ಕುಸಿದಳು.

ಶುಕ್ರವಾರ ಬೆಳಗ್ಗೆ ಒಂಬತ್ತೂಕಾಲಿಗೆ ಅನುಮತಿ ಬಂತು. ನಿಮ್ಮ ಪ್ರಯಾಣ ಸುಖಕರವಾಗಿರಲಿ ಎಂದು ಹಾರೈಸಿ, ಕೆಳಗೊಂದು ಸಮುದ್ರದ ಚಿತ್ರವನ್ನೂ ಹಾಕಿದ್ದರು. ಥೂ, ಅದಕ್ಕೆ ಬೆಂಕಿ ಬೀಳ. ಅರ್ಪಿತ ಅದನ್ನು ಯಾರಿಗೂ ತೋರಿಸದೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಒಂಬತ್ತು ದಿನ ಕಳೆದು ಕಿಟ್ಟಿ ಪೆಟ್ಟಿಗೆಯಲ್ಲಿ ಬಂದ. ವಿಮಾನ ನಿಲ್ದಾಣದಲ್ಲಿ ಸರಕು ಬಿಡಿಸಿಕೊಳ್ಳುವ ಕಡೆಗೆ ಅರ್ಪಿತಳೇ ಅವಳನ್ನು ಕರೆದುಕೊಂಡು ಹೋದಳು. ಕಿಟಕಿಯ ಆಚೆ ಕೂತಿದ್ದ ನಡುವಯಸ್ಸಿನವರು ಒಳ್ಳೆಯವರಂತೆ ಕಂಡರು. ಕಾಗದಗಳನ್ನು ತಿರುವಿ, ದನಿ ತಗ್ಗಿಸಿ ಕೇಳಿದರು: "ತೀರ್ಕೊಂಡೋರು ನಿಮಗೆ ಏನಾಗ್ಬೇಕಮ್ಮ?"

"ಮಗ ಸಾರ್, ಇವರ ಮಗ..." ಎಂದು ಅರ್ಪಿತ ಮುಂದೆ ಬಂದಳು. ಮುನಿವೆಂಕಟಮ್ಮ ಅವಳ ಕೈ ಹಿಡಿದು ಹಿಂದಕ್ಕೆ ಎಳೆದಳು.

"ನಾನು ಅವನಿಗೆ ದೊಡ್ಡಮ್ಮ ಆಗ್ಬೇಕು ಸಾರ್. ಅಮ್ಮ ಅಲ್ಲ. ಹಂಗೇ ಬರ್ಕೊಳಿ," ಅಂದಳು. "ಅಮ್ಮ ಅಂದ್ರೆ ಮತ್ತೆ ಎರಡು ದಿನ ಇಟ್ಕೊಂಡ್ಬಿಡ್ತೀರ ಅವನ್ನ."